ಅಕ್ಕ ಗಿರಣಿ ನಿಲ್ಲಿಸಿದ ದಿನ

ನನ್ನ ಅಕ್ಕ ಆಳಂದದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಗಿರಣಿ ನಮ್ಮ ತಂದೆಯದು. ಮದುವೆಯಾದ ಕೆಲವೇ ವರ್ಷಗಳಲ್ಲಿ ಗಂಡ ತೀರಿಕೊಂಡಾಗ ಅಕ್ಕ ತವರಿಗೆ ಮರಳಿದಳು. ತಂದೆಯ ಕಣ್ಣು ಮಂಜಾದಾಗ ಜೋಳ ಅಳೆದು ಸುರಿಯುವ ಕೆಲಸ ಅವಳ ಪಾಲಿಗೆ ಬಂತು. ತಂದೆ ಹೋದ ಮೇಲೆ ಗಿರಣಿಯೇ ಅವಳದಾಯಿತು. ಸಾಯಂಕಾಲ ಹೊರಗೆ ಬಂದು ನಿಂತರೆ ಹುಬ್ಬು, ರೆಪ್ಪೆ, ಸೆರಗು ಎಲ್ಲಾ ಬಿಳಿ. ಗಿರಣಿಯ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲವಾದ್ದರಿಂದ ಅವಳಿಗೆ ಕೈಸನ್ನೆಯಲ್ಲೇ ಹೇಳಿ ಮುಗಿಸುವ ರೂಢಿ. ಮನೆಗೆ ಬಂದ ಮೇಲೂ ಅದೇ ರೂಢಿ. ಹತ್ತು ಮಾತಿಗೆ ಒಂದು ಮಾತು, ಅದೂ ಗಟ್ಟಿ ದನಿಯಲ್ಲಿ.

ನಾನು ಅವಳಿಗಿಂತ ಚಿಕ್ಕವಳು. ಓದಿ ಶಿಕ್ಷಕಿಯಾದೆ. ಈಗ ಜೇವರ್ಗಿಯಲ್ಲಿ ಮನೆ, ಕೊಳಕೂರಿನ ಶಾಲೆಯಲ್ಲಿ ಮುಖ್ಯಶಿಕ್ಷಕಿಯ ಕೆಲಸ. ನನ್ನ ಕೆಲಸ ನನಗೆ ಒಂದು ನಂಬಿಕೆ ಕಲಿಸಿತ್ತು. ಏನಾದರೂ ಆಗಬೇಕಾದರೆ ಯಾರಾದರೊಬ್ಬರು ಕುರ್ಚಿಯಲ್ಲಿ ಕುಳಿತು ಆದೇಶ ಕೊಡಬೇಕು, ಉಳಿದವರು ಸಹಿ ಮಾಡಬೇಕು ಅನ್ನುವುದು. ಬೇಸಿಗೆ ರಜೆಗೆ ಆಳಂದಕ್ಕೆ ಹೋಗಿ ಅಕ್ಕನ ಜೊತೆ ಇರುವುದು ನನ್ನ ಪದ್ಧತಿ. ನಾನು ಹೇಳಹೊರಟಿರುವುದು ಅಂಥ ಒಂದು ಬೇಸಿಗೆಯ ಮಾತು. ಕೊರೊನಾ ಹೋಗಿ ಜನ ಮತ್ತೆ ಒಂದೆಡೆ ಸೇರಲು ಶುರುಮಾಡಿದ್ದ ಕಾಲ.

ಆ ಬೇಸಿಗೆಯಲ್ಲಿ ನಾನು ಊರಿಗೆ ಹೋದಾಗ ನಮ್ಮ ಚರ್ಚಿನ ಬಾಗಿಲಿಗೆ ಎರಡು ಕೀಲಿ ಬಿದ್ದಿದ್ದವು. ನಮ್ಮ ಕಡೆ ಬೀಗಕ್ಕೆ ಕೀಲಿ ಅನ್ನುತ್ತಾರೆ.

ನಮ್ಮದು ಚಿಕ್ಕ ಕ್ರೈಸ್ತ ಸಭೆ. ಚರ್ಚು ಹಳೆಯದು, ಕಲ್ಲಿನದು. ನಮ್ಮ ಅಜ್ಜಂದಿರ ಕಾಲದಲ್ಲಿ ಎತ್ತಿನ ಗಾಡಿಯಲ್ಲಿ ಕಲ್ಲು ತಂದು ಕಟ್ಟಿದ್ದು. ಮಳೆಗಾಲದಲ್ಲಿ ಸೋರುತ್ತದೆ, ಹಬ್ಬದ ದಿನ ಅರ್ಧ ಜನ ಹೊರಗೆ ನಿಲ್ಲಬೇಕು. ಅದನ್ನು ಕೆಡವಿ ದೊಡ್ಡದು ಕಟ್ಟೋಣ ಅಂದವರು ಒಂದು ಕಡೆ, ಒಂದು ಕಲ್ಲನ್ನೂ ಮುಟ್ಟಕೂಡದು ಅಂದವರು ಇನ್ನೊಂದು ಕಡೆ. ಕೆಡವೋಣ ಎನ್ನುವವರ ಮುಂದಾಳು ಒಬ್ಬ ಕಾಂಟ್ರಾಕ್ಟರ್. ಊರಲ್ಲಿ ಗಟಾರ, ರಸ್ತೆ ಮಾಡಿಸುವವರು. ಐವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಮನುಷ್ಯ. ಸಭೆಯ ತರುಣರೆಲ್ಲ ಅವರ ಹಿಂದೆ. ಬೇಡ ಎನ್ನುವವರ ಮುಂದಾಳು ತಹಸೀಲ್ ಕಚೇರಿಯಿಂದ ನಿವೃತ್ತರಾದ ಹಿರಿಯರು. ಅವರನ್ನು ಎಲ್ಲರೂ 'ಸರ' ಎಂದೇ ಕರೆಯುತ್ತಿದ್ದರು. ಅವರ ಕಡೆ ಇದ್ದವರು ಹೆಚ್ಚಾಗಿ ವಯಸ್ಸಾದವರು. ಸಭೆಯ ಕಮಿಟಿಗೆ ಚುನಾವಣೆ ನಡೆದಾಗ ಇಬ್ಬರೂ ತಾವೇ ಗೆದ್ದೆವೆಂದರು. ಮರುದಿನ ಕಾಂಟ್ರಾಕ್ಟರ್ ಬಾಗಿಲಿಗೆ ತಮ್ಮ ಕೀಲಿ ಹಾಕಿದರು. ಅದನ್ನು ನೋಡಿದ ಸರ ಪೇಟೆಗೆ ಹೋಗಿ ಇನ್ನೂ ದೊಡ್ಡದೊಂದು ಕೀಲಿ ತಂದು ಅದರ ಕೆಳಗೆ ಹಾಕಿದರು.

ನಮ್ಮ ಸಭಾಪಾಲಕರು, ಅಂದರೆ ಪಾದ್ರಿಗಳು, ಆಗ ಬೀದರ ಕಡೆಯಿಂದ ಹೊಸದಾಗಿ ಬಂದವರು. ವಯಸ್ಸು ಚಿಕ್ಕದು, ಒಳ್ಳೆಯವರು. ಚರ್ಚಿನ ಮೇಲಧಿಕಾರಿಗಳಿಂದ ಆದೇಶ ತರಿಸಿದರು. ಎರಡೂ ಕೀಲಿ ತೆಗೆಯಬೇಕು ಎಂದು ಅದರಲ್ಲಿ ಇತ್ತು. ಇಬ್ಬರೂ ಅದನ್ನು ಓದಿ, ಗೌರವದಿಂದ ಮಡಚಿ ಹಿಂದಕ್ಕೆ ಕೊಟ್ಟರು. ಮೊದಲು ಅವರು ತೆಗೆಯಲಿ ಎಂದು ಇವರು, ಇವರು ತೆಗೆಯಲಿ ಎಂದು ಅವರು.

ನಾನು ಹೋದ ಮೊದಲ ಭಾನುವಾರ ಕಂಡದ್ದನ್ನು ಮರೆಯಲಾರೆ. ಮುಚ್ಚಿದ ಬಾಗಿಲಿನ ಎಡಗಡೆ ಒಂದು ಗುಂಪು, ಬಲಗಡೆ ಒಂದು ಗುಂಪು. ಎಡಗಡೆಯವರು ಒಂದು ಹಾಡು ಎತ್ತಿಕೊಂಡರೆ ಬಲಗಡೆಯವರು ಅದನ್ನು ಮುಳುಗಿಸುವಂತೆ ಇನ್ನೊಂದು ಹಾಡಿದರು. ಎರಡೂ ದೇವರ ಪ್ರೀತಿಯ ಹಾಡುಗಳೇ. ಎದುರಿನ ಚಹಾದ ಅಂಗಡಿಯವರು ಹೊರಗೆ ಬಂದು ನಿಂತು ನೋಡುತ್ತಿದ್ದರು. ಸಭಾಪಾಲಕರು ನಡುವೆ ನಿಂತು ಎರಡೂ ಕೈ ಎತ್ತಿದರು, ಯಾರೂ ಅವರನ್ನು ನೋಡಲಿಲ್ಲ. ನಾಚಿಕೆಯಿಂದ ನಾನು ಸೆರಗು ತಲೆಯ ಮೇಲೆ ಎಳೆದುಕೊಂಡೆ.

ಅಕ್ಕ ಆಗಿನ್ನೂ ಬಂದಿರಲಿಲ್ಲ. ಎರಡೂ ಗುಂಪಿನವರು ಹಾಡಿ ದಣಿದು ಹೊರಟುಹೋದ ಮೇಲೆ ಬಂದಳು. ಕೈಯಲ್ಲಿ ಕಸಬರಿಗೆ ಇತ್ತು. ಬಾಗಿಲ ಮುಂದಿನ ಮೆಟ್ಟಿಲು ಗುಡಿಸಿದಳು, ಅಲ್ಲೇ ಕುಳಿತಳು, ಕಣ್ಣು ಮುಚ್ಚಿದಳು. ತುಸು ಹೊತ್ತಿನ ಮೇಲೆ ಎದ್ದು ಮನೆಗೆ ನಡೆದಳು. ಕೀಲಿ ಬಿದ್ದ ದಿನದಿಂದ ಪ್ರತಿ ಭಾನುವಾರ ಇಷ್ಟೇ ಮಾಡುತ್ತಿದ್ದಳಂತೆ. ಆಮೇಲಿನ ವಾರಗಳಲ್ಲಿ ಒಂದು ಗುಂಪು ಕಾಂಟ್ರಾಕ್ಟರ್ ಮನೆಯ ಮಾಳಿಗೆಯ ಮೇಲೆ, ಇನ್ನೊಂದು ಸರ ಅವರ ಅಂಗಳದಲ್ಲಿ ಕೂಡತೊಡಗಿತು. ಅಕ್ಕ ಎರಡೂ ಕಡೆ ಹೋಗಲಿಲ್ಲ. ಮೆಟ್ಟಿಲಿಗೇ ಹೋದಳು.

ಗಿರಣಿಗೆ ಮಾತ್ರ ಎರಡೂ ಕಡೆಯವರು ಬರಲೇಬೇಕಿತ್ತು. ಜೋಳದ ರೊಟ್ಟಿ ಇಲ್ಲದೆ ಯಾರ ಮನೆಯೂ ನಡೆಯುವುದಿಲ್ಲ. ನಾನು ಗಿರಣಿಯ ಮೂಲೆಯಲ್ಲಿ ಕುಳಿತು ನೋಡುತ್ತಿದ್ದೆ. ಕಾಂಟ್ರಾಕ್ಟರ್ ಹೆಂಡತಿ ಒಳಗೆ ಬಂದಾಗ ಸರ ಅವರ ಕಡೆಯ ಹೆಣ್ಣುಮಗಳೊಬ್ಬಳು ಮುಖ ತಿರುಗಿಸಿದಳು. ಅಕ್ಕ ಇಬ್ಬರ ಡಬ್ಬಿಗಳನ್ನೂ ಪಕ್ಕಪಕ್ಕ ಇಟ್ಟು, ಮೊದಲು ಬಂದವಳದು ಮೊದಲು ಬೀಸಿದಳು. ಯಾರ ಮನೆಯಲ್ಲಿ ಯಾರಿಗೆ ಜ್ವರ, ಯಾರ ಮಗಳಿಗೆ ದಿನ ತುಂಬಿದೆ ಎಂಬುದನ್ನು ಕೇಳಿದಳು. ಚರ್ಚಿನ ಸುದ್ದಿ ಎತ್ತಲಿಲ್ಲ. ಸಂಜೆ ಗಿರಣಿ ಬಾಗಿಲು ಹಾಕಿದ ಮೇಲೆ, ಜ್ವರ ಬಂದವರ ಮನೆಗೆ ಹೋಗಿ ಹಾಸಿಗೆಯ ಪಕ್ಕ ಕುಳಿತು ಪ್ರಾರ್ಥನೆ ಮಾಡಿ ಬಂದಳು. ಅದು ಯಾವ ಗುಂಪಿನ ಮನೆ ಎಂದು ನೋಡಲಿಲ್ಲ.

ಒಂದು ದಿನ ಊಟಕ್ಕೆ ಕುಳಿತಾಗ ನಾನು ಕೇಳಿಯೇಬಿಟ್ಟೆ. "ಅಕ್ಕ, ಎರಡೂ ಕಡಿ ಮಂದಿ ನಿನಗ ಮರ್ಯಾದಿ ಕೊಡ್ತಾರ. ನೀ ಅವರಿಬ್ಬರನೂ ಕರದು ನಾಲ್ಕು ಮಾತು ಹೇಳಬಾರದೇನು?"

"ಏನಂತ ಹೇಳ್ಲಿ?"

"ಹಿಂಗ ಮಾಡೂದು ತಪ್ಪು ಅಂತ."

"ಅದು ಅವರಿಗಿ ಗೊತ್ತದ ಬೇ," ಎಂದಳು ಅಕ್ಕ. ತಾಟಿನಲ್ಲಿದ್ದ ರೊಟ್ಟಿ ಮುರಿದು ಅರ್ಧ ನನಗೆ ಹಾಕಿದಳು. "ಗೊತ್ತಿದ್ದವರಿಗಿ ಮತ್ತ ಹೇಳಿದ್ರ ಇನ್ನಾ ಬಿಗೀತಾರ."

ಹೇಳಬೇಕಾದವರೇ ಹೀಗೆ ಸುಮ್ಮನಿದ್ದರೆ ಹೇಗೆ ಎಂದು ನನಗೆ ಒಳಗೊಳಗೇ ಅಸಮಾಧಾನವಾಯಿತು.

ರಜೆ ಅರ್ಧ ಕಳೆದಿತ್ತು. ಸರ ಅವರ ಹೆಂಡತಿ ಅಫಜಲಪುರದಲ್ಲಿರುವ ಮಗಳ ಮನೆಗೆ ಹೋಗಿದ್ದರು. ಸರ ಕೂಡ ಅಲ್ಲೇ ಇದ್ದರು. ಒಂದು ಬೆಳಿಗ್ಗೆ ನಮ್ಮ ಸಭಾಪಾಲಕರು ಗಿರಣಿಯ ಬಾಗಿಲಲ್ಲಿ ಬಂದು ನಿಂತರು. ಮುಖ ಕಪ್ಪಿಟ್ಟಿತ್ತು. ಅವರು ಏನೋ ಹೇಳಿದರು, ಸದ್ದಿನಲ್ಲಿ ನಮಗೆ ಕೇಳಿಸಲಿಲ್ಲ. ಅಕ್ಕ ಅವರನ್ನು ಬಾಗಿಲ ಹೊರಗೆ ಕರೆದೊಯ್ದು ಕಿವಿಗೊಟ್ಟಳು, ನಾನೂ ಹಿಂದೆ ಹೋದೆ.

ಸರ ಅವರ ಹೆಂಡತಿ ಬೆಳಗಿನ ಜಾವ ತೀರಿಕೊಂಡಿದ್ದರು. ಎದೆ ನೋವು ಎಂದವರು ಆಸ್ಪತ್ರೆ ಮುಟ್ಟಲಿಲ್ಲ. ಅಳಿಯ ಸಭಾಪಾಲಕರಿಗೆ ಫೋನ್ ಮಾಡಿದ್ದ. ಸಂಜೆಯೊಳಗೆ ಶವವನ್ನು ಆಳಂದಕ್ಕೆ ತರುತ್ತಾರೆ, ತಮ್ಮ ಅತ್ತೆಯ ಗೋರಿಯ ಪಕ್ಕದಲ್ಲೇ ತಮ್ಮನ್ನು ಮಣ್ಣು ಮಾಡಬೇಕೆಂದು ತೀರಿಕೊಂಡವರ ಆಸೆ ಇತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಸಭೆಯಲ್ಲಿ ಯಾರು ತೀರಿಕೊಂಡರೂ ಕುಣಿಯನ್ನು ಸಭೆಯ ಗಂಡಸರೇ ತೋಡುತ್ತಾರೆ. ಕೂಲಿ ಕೊಟ್ಟು ತೋಡಿಸಿದ್ದಿಲ್ಲ. ಅದು ನಮ್ಮ ಹಿರಿಯರು ಹಾಕಿಕೊಟ್ಟ ರೂಢಿ. ಸತ್ತವರಿಗೆ ಕೊಡುವ ಕೊನೆಯ ಗೌರವ. ಹೆಂಗಸರು ಆ ಕೆಲಸಕ್ಕೆ ಹೋಗುವುದಿಲ್ಲ. ಆದರೆ ಈಗ ತೋಡುವ ಶಕ್ತಿ ಇದ್ದ ತರುಣರೆಲ್ಲ ಕಾಂಟ್ರಾಕ್ಟರ್ ಕಡೆ. ಸರ ಅವರ ಕಡೆ ಉಳಿದವರು ಕೋಲು ಹಿಡಿದು ನಡೆಯುವವರು. ಸರ ಅವರ ಮಗ ಪುಣೆಯಿಂದ ಹೊರಟಿದ್ದನಷ್ಟೆ.

"ಎಲ್ಲಾ ತರುಣರಿಗೂ ಫೋನ್ ಮಾಡ್ದೆ ಅಕ್ಕಾರ," ಎಂದರು ಸಭಾಪಾಲಕರು. "ನೋಡ್ತೇವಿ ಅಂತಾರ. ಬರ್ತೇವಿ ಅನ್ನಂಗಿಲ್ಲ. ಕಾಂಟ್ರಾಕ್ಟರ್ ಮನಿಗೂ ಹೋಗಿದ್ದೆ. ನಾ ಯಾರಿಗೂ ಬ್ಯಾಡ ಅಂದಿಲ್ಲ, ಸರ ಒಂದು ಮಾತು ಕೇಳಲಿ, ಕೇಳಿದ್ರ ಕಳಸ್ತೇನಿ ಅಂದ್ರು. ಸರ ಕೇಳಂಗಿಲ್ಲ. ಹೆಂಡತಿ ಹೆಣದ ಮುಂದ ಕುಂತವರಿಗಿ ಹೋಗಿ ಕೇಳ್ರಿ ಅಂತ ನಾ ಹ್ಯಾಂಗ ಹೇಳ್ಲಿ?"

ಅಕ್ಕ ಕೈಗೆ ಅಂಟಿದ ಹಿಟ್ಟು ಕೊಡವಿಕೊಂಡಳು. "ಜಾಗ ನಿಮಗ ಗೊತ್ತದೇನ್ರಿ ಅಯ್ಯಾರ?" ಎಂದು ಕೇಳಿದಳು.

"ಗೊತ್ತದ."

ಅಕ್ಕ ಹೋಗಿ ಗಿರಣಿ ನಿಲ್ಲಿಸಿದಳು. ಇಡೀ ಓಣಿಗೆ ಅದರ ಸದ್ದು ಎಷ್ಟು ರೂಢಿಯಾಗಿತ್ತೆಂದರೆ, ಅದು ನಿಂತೊಡನೆ ಪಕ್ಕದ ಮನೆಯ ಹೆಂಗಸು ಏನಾಯಿತೆಂದು ಹೊರಗೆ ಬಂದಳು. ಬೀಸಲು ಬಂದವರಿಗೆ ಅಕ್ಕ, ನಾಳೆ ಬರ್ರಿ, ಇವತ್ತು ಮಣ್ಣು ಅದ ಅಂದಳು. ಹಿತ್ತಲಿಗೆ ಹೋಗಿ ತಂದೆಯ ಕಾಲದ ಗುದ್ದಲಿ, ಸಲಿಕೆ, ಹಾರೆ ತಂದಳು. ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು.

"ಅಕ್ಕ, ಎಲ್ಲಿಗಿ?" ಎಂದೆ. ಕೇಳಬೇಕಾಗಿರಲಿಲ್ಲ.

"ಬಾ," ಎಂದಳು.

ನಮ್ಮವರ ಸ್ಮಶಾನ ಊರ ಹೊರಗಿದೆ. ಒಂದು ಬೇವಿನ ಮರ, ಸುತ್ತ ಜಾಲಿ. ಮೇಲೆ ಕಪ್ಪು ಎರೆಮಣ್ಣು, ಬೇಸಿಗೆಗೆ ಬಿರುಕು ಬಿಟ್ಟು ಹೆಂಟೆಗಟ್ಟಿರುತ್ತದೆ. ಅದರ ಕೆಳಗೆ ಕಲ್ಲಿನಂತೆ ಬಿಗಿಯಾದ ಗರಸು ಮಣ್ಣು. ಗೋರಿಗಳು ಒತ್ತೊತ್ತಾಗಿರುವುದರಿಂದ ಯಂತ್ರ ಒಳಗೆ ತರಲು ಬರುವುದಿಲ್ಲ. ಅಕ್ಕ ಸೆರಗನ್ನು ಸೊಂಟಕ್ಕೆ ಬಿಗಿದು, ಜಾಗದ ಮುಂದೆ ನಿಂತು ತಲೆ ಬಾಗಿಸಿದಳು. ತುಟಿ ಅಲುಗಿತು, ಏನೆಂದಳೋ ಕೇಳಿಸಲಿಲ್ಲ. ನಂತರ ಗುದ್ದಲಿ ಎತ್ತಿ ಹೊಡೆದಳು. ಗುದ್ದಲಿ ಪುಟಿದು ಹಿಂದಕ್ಕೆ ಬಂತು. ಮತ್ತೆ ಹೊಡೆದಳು.

ಸಭಾಪಾಲಕರು ತೋಳು ಮಡಚಿ ಹಾರೆ ಹಿಡಿದರು. ಪಾಪ, ಅವರ ಕೈ ಅಂಥ ಕೆಲಸ ಕಂಡ ಕೈ ಅಲ್ಲ. ಸ್ವಲ್ಪ ಹೊತ್ತಿಗೇ ಅಂಗೈ ಬೊಬ್ಬೆ ಎದ್ದಿತು, ಕರವಸ್ತ್ರ ಸುತ್ತಿಕೊಂಡು ಮತ್ತೆ ಹಿಡಿದರು. ನಾನು ಬುಟ್ಟಿಯಲ್ಲಿ ಮಣ್ಣು ಹೊತ್ತು ಚೆಲ್ಲಿದೆ. ಬಿಸಿಲು ನೆತ್ತಿಗೆ ಬರುತ್ತಿತ್ತು. ಮೂವರ ಬೆವರು ಇಳಿದರೂ ಕುಣಿ ಮೊಣಕಾಲ ಆಳಕ್ಕೂ ಹೋಗಿರಲಿಲ್ಲ. ಸಂಜೆಯೊಳಗೆ ಇದು ಆಗುವ ಕೆಲಸವಲ್ಲ ಎಂದು ನನಗೆ ಅಳು ಬಂತು. ಅಕ್ಕನ ಮುಖ ನೋಡಿದೆ. ಅವಳು ಆಗುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿರುವಂತೆ ಕಾಣಲಿಲ್ಲ. ತೋಡುತ್ತಿದ್ದಳು.

ಆಗ ರಸ್ತೆಯ ಮೇಲೆ ಒಂದು ಬೈಕು ನಿಂತಿತು. ಹಿಂದಿನ ಸೀಟಿಗೆ ಜೋಳದ ಚೀಲ ಕಟ್ಟಿತ್ತು. ಇಳಿದು ಬಂದವರು ಹಿರೋಳ್ಳಿಯ ರೈತರು, ಗಿರಣಿಯ ಹಳೆಯ ಗಿರಾಕಿ. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ. ಆಳಂದಕ್ಕೆ ಕೆಲಸವಿದ್ದಾಗಲೆಲ್ಲ ಅಕ್ಕನ ಹತ್ತಿರವೇ ಬೀಸಿಸಿಕೊಂಡು ಹೋಗುವವರು. ಗಿರಣಿ ಮುಚ್ಚಿದ್ದು ಕಂಡು ಚಹಾದಂಗಡಿಯಲ್ಲಿ ವಿಚಾರಿಸಿ ಇಲ್ಲಿಗೆ ಬಂದಿದ್ದರು.

"ಇದೇನ್ರಿ ಅಕ್ಕಾರ, ನೀವು ತೋಡಾಕತ್ತೀರಿ?" ಎಂದರು.

"ನಮ್ಮ ಸಭಾದಾಗ ಒಬ್ಬ ಹಿರೇ ಅಕ್ಕ ತೀರಿಕೊಂಡಾಳ್ರಿ," ಎಂದಳು ಅಕ್ಕ. ತಲೆ ಎತ್ತಿ ಬೆವರು ಒರೆಸಿಕೊಂಡಳು. "ನಿಮ್ಮ ಜ್ವಾಳ ನಾಳಿಗಿ ಬೀಸಿ ಇಡ್ತೇನಿ. ಚೀಲ ಗಿರಣಿ ಮುಂದ ಇಟ್ಟು ಹೋಗ್ರಿ."

ಗಂಡಸರು ಎಲ್ಲಿ ಎಂದು ಅವರು ಕೇಳಲಿಲ್ಲ. ಕುಣಿಯನ್ನು ನೋಡಿದರು, ಸಭಾಪಾಲಕರ ಕೈಗೆ ಸುತ್ತಿದ ಕರವಸ್ತ್ರ ನೋಡಿದರು. ಹೆಗಲ ಮೇಲಿನ ಟವೆಲ್ ತೆಗೆದು ತಲೆಗೆ ಸುತ್ತಿಕೊಂಡರು.

"ಜ್ವಾಳ ಇರಲಿ ಬಿಡ್ರಿ. ನಮ್ಮೊಳಗೂ ಮಣ್ಣ ಕೊಡೂದ ಅದ. ತರ್ರಿ ಅಯ್ಯಾರ ಆ ಹಾರಿ ಇಲ್ಲಿ."

ಅವರು ಹಾರೆ ಹಾಕಿದ ಮೇಲೆ ಗರಸು ಎದ್ದಿತು. ಹೊಲದಲ್ಲಿ ದುಡಿದ ತೋಳು. ಒಂದೊಂದು ಏಟಿಗೂ ದೊಡ್ಡ ದೊಡ್ಡ ಚಕ್ಕೆಗಳು. ಅಕ್ಕ ಸಲಿಕೆಯಲ್ಲಿ ಎತ್ತಿ ಬುಟ್ಟಿಗೆ ಹಾಕುತ್ತಿದ್ದಳು, ನಾನೂ ಸಭಾಪಾಲಕರೂ ಹೊರುತ್ತಿದ್ದೆವು.

ರಸ್ತೆಯಲ್ಲಿ ನಮ್ಮ ಸಭೆಯ ತರುಣರಿಬ್ಬರು ಬೈಕಿನ ಮೇಲೆ ಹಾದುಹೋದರು. ನಿಲ್ಲಿಸಿದರು. ಇಳಿಯಲಿಲ್ಲ. ಏನೋ ಮಾತಾಡಿಕೊಂಡು ತಿರುಗಿ ಊರ ಕಡೆ ಹೋದರು. ನಾನು ಅಕ್ಕನಿಗೆ ಹೇಳಿದೆ, "ನೋಡಿ ಹೋದ್ರು ನೋಡು." ಅಕ್ಕ ಕತ್ತು ತಿರುಗಿಸಲಿಲ್ಲ.

ತುಸು ಹೊತ್ತಿನಲ್ಲೇ ಅವರು ಮರಳಿ ಬಂದರು. ಜೊತೆಗೆ ಇನ್ನೂ ಮೂರ್ನಾಲ್ಕು ಮಂದಿ, ಕೈಯಲ್ಲಿ ಗುದ್ದಲಿ, ಸಲಿಕೆ. ಕುಣಿಯ ದಂಡೆಗೆ ಬಂದು ಅಳುಕುತ್ತ ನಿಂತರು. ಅವರಲ್ಲಿ ದೊಡ್ಡವನು ತಗ್ಗಿದ ದನಿಯಲ್ಲಿ, "ದೊಡ್ಡಮ್ಮ, ಮ್ಯಾಲ ಬರ್ರಿ. ನಾವು ಮಾಡ್ತೇವಿ," ಅಂದ.

ಈಗ ಅಕ್ಕ ಒಂದು ಮಾತು ಅಂದೇ ಅನ್ನುತ್ತಾಳೆ ಎಂದುಕೊಂಡೆ. ಅನ್ನುವ ಹಕ್ಕು ಅವಳಿಗಿತ್ತು. ನಾನಾಗಿದ್ದರೆ ಅನ್ನುತ್ತಿದ್ದೆ. ಅವಳು ಕೈ ಮುಂದೆ ಚಾಚಿದಳು, ಅವನು ಹಿಡಿದು ಮೇಲಕ್ಕೆ ಎಳೆದುಕೊಂಡ.

"ಬಂದ್ರೇನಪಾ," ಎಂದಳು, ಹೊಲಕ್ಕೆ ಬುತ್ತಿ ತಂದವರನ್ನು ಕರೆಯುವ ದನಿಯಲ್ಲಿ. "ಈ ಮಗ್ಗಲದಾಗ ಗರಸು ಬಿಗಿ ಅದ. ಕಾಲ ನೋಡಿಕೊಂಡು ಹೊಡೀರಿ."

ಅಷ್ಟೇ. ತರುಣರು ಒಬ್ಬರ ಮುಖ ಒಬ್ಬರು ನೋಡದೆ ಇಳಿದರು. ಹಿರೋಳ್ಳಿಯ ರೈತರು ತಾವು ಮೇಲೆ ಬರಲಿಲ್ಲ. ಅವರ ಜೊತೆಗೇ ನಿಂತು ಹಾರೆ ಹಾಕಿದರು. ಅಕ್ಕ ಬೇವಿನ ನೆರಳಿಗೆ ಹೋಗಿ ಒಂದು ತಂಬಿಗೆ ನೀರು ಕುಡಿದು, ಮತ್ತೆ ಬಂದು ದಂಡೆಯ ಮೇಲೆ ನಿಂತು ಬುಟ್ಟಿ ಎತ್ತಿಕೊಳ್ಳತೊಡಗಿದಳು.

ಮಧ್ಯಾಹ್ನ ಹೊರಳಿದಾಗ ಕಾಂಟ್ರಾಕ್ಟರ್ ಬಂದರು.

ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪ್ಯಾಂಟು. ಗೇಟಿನ ಬಳಿ ಕಾರು ನಿಲ್ಲಿಸಿ ನಿಧಾನವಾಗಿ ನಡೆದು ಬಂದರು. ತರುಣರ ಕೈಗಳು ನಿಂತವು. ಸಭಾಪಾಲಕರೂ ನಿಂತರು. ಅವರು ಜಗಳಕ್ಕೆ ಬಂದರೋ, ತಮ್ಮ ಕಡೆಯವರನ್ನು ಕರೆದೊಯ್ಯಲು ಬಂದರೋ ಯಾರಿಗೂ ಗೊತ್ತಿರಲಿಲ್ಲ. ಬಹುಶಃ ಅವರಿಗೂ ಗೊತ್ತಿರಲಿಲ್ಲ. ಬಂದು ಅಕ್ಕನಿಂದ ಒಂದು ಮಾರು ದೂರದಲ್ಲಿ ನಿಂತರು.

ಆ ಹೊತ್ತಿಗೆ ಕೆಳಗಿನಿಂದ ಒಂದು ತುಂಬಿದ ಬುಟ್ಟಿ ಮೇಲೆ ಬಂತು. ಅಕ್ಕ ಬಗ್ಗಿ ಅದನ್ನು ಎತ್ತಿಕೊಂಡಳು. ಚೆಲ್ಲುವ ಕಡೆ ಯಾರು ನಿಂತಿದ್ದಾರೆ ಎಂದು ತಿರುಗಿ ನೋಡಿದಳು. ನಿಂತಿದ್ದವರು ಕಾಂಟ್ರಾಕ್ಟರ್.

"ಹಿಡಿ ಅಣ್ಣ," ಎಂದಳು.

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಅಪ್ಪಣೆಯೂ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ. ಮನೆಯಲ್ಲಿ ಒಟ್ಟಿಗೆ ಕೆಲಸ ಮಾಡುವಾಗ ಅಣ್ಣತಮ್ಮಂದಿರಿಗೆ ಅನ್ನುವ ಹಾಗೆ ಅಂದಳು. ಕಾಂಟ್ರಾಕ್ಟರ್ ಕೈಗಳು ತಾವಾಗಿಯೇ ಮುಂದೆ ಬಂದವು. ಬುಟ್ಟಿ ಹಿಡಿದರು. ಮಣ್ಣು ಬಿಳಿ ಅಂಗಿಯ ಎದೆಯ ಮೇಲೆ ಉದುರಿತು. ಒಂದು ಗಳಿಗೆ ಬುಟ್ಟಿ ಹಿಡಿದು ಹಾಗೇ ನಿಂತರು. ಆಮೇಲೆ ಹೋಗಿ ಚೆಲ್ಲಿದರು, ತಿರುಗಿ ಬಂದು ಕೈ ಚಾಚಿದರು. ಮುಂದಿನ ಬುಟ್ಟಿ ಬಂತು.

ಮೇಲಧಿಕಾರಿಗಳ ಆದೇಶಕ್ಕೆ, ಸಭಾಪಾಲಕರ ವಿನಂತಿಗೆ ಬಗ್ಗದ ಮನುಷ್ಯ ಮಣ್ಣಿನ ಬುಟ್ಟಿಗೆ ಕೈ ಒಡ್ಡಿ ನಿಂತಿದ್ದರು. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದದ್ದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಒಡೆಯನಾದವನು ಬಟ್ಟೆ ಕಟ್ಟಿಕೊಂಡು, ನೀರಿನ ಬೋಗುಣಿ ಹಿಡಿದು ಕೆಳಗೆ ಕುಳಿತದ್ದು. ಕೇಳಿದಾಗಲೆಲ್ಲ ಅದು ನಮ್ರತೆಯ ಪಾಠ ಎಂದಷ್ಟೇ ತಿಳಿದಿದ್ದೆ. ಹಾಗೆ ಕೆಳಗೆ ಕುಳಿತವನ ಎದುರು ಮೇಲೆ ಕುಳಿತವರಿಗೆ ಏನಾಗುತ್ತದೆ ಎಂಬುದನ್ನು ನಾನು ನೋಡಿದ್ದು ಅವತ್ತು, ಆ ಕುಣಿಯ ದಂಡೆಯ ಮೇಲೆ.

ಬಿಸಿಲು ಇಳಿಯುವ ಹೊತ್ತಿಗೆ ಅಫಜಲಪುರದಿಂದ ಆಂಬುಲೆನ್ಸ್ ಬಂತು. ಸರ ಮುಂದಿನ ಸೀಟಿನಿಂದ ಇಳಿದರು. ಒಂದೇ ದಿನದಲ್ಲಿ ಹತ್ತು ವರ್ಷ ವಯಸ್ಸಾದವರಂತೆ ಕಂಡರು. ಮನೆಯಲ್ಲಿ ಸ್ವಲ್ಪ ಹೊತ್ತು ಇಟ್ಟು, ರೂಢಿಯ ಪ್ರಕಾರ ಪೆಟ್ಟಿಗೆಯನ್ನು ಚರ್ಚಿಗೆ ತಂದರು. ಮೆಟ್ಟಿಲ ಮುಂದೆ ಎಲ್ಲರೂ ನಿಂತರು. ಬಾಗಿಲಿಗೆ ಎರಡು ಕೀಲಿ.

ಕಾಂಟ್ರಾಕ್ಟರ್ ಗುಂಪಿನ ನಡುವಿನಿಂದ ಮುಂದೆ ಬಂದರು. ಅಂಗಿ ಬದಲಿಸಿರಲಿಲ್ಲ. ಎದೆಯ ಮೇಲೆ, ತೋಳಿನ ಮೇಲೆ ಮಣ್ಣಿನ ಕಲೆ. ಜೇಬಿನಿಂದ ಚಾವಿ ತೆಗೆದು ತಮ್ಮ ಕೀಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಪಕ್ಕಕ್ಕೆ ಸರಿದರು. ಎಲ್ಲರ ಕಣ್ಣು ಸರ ಅವರ ಮೇಲೆ. ಅವರು ಜೇಬು ಮುಟ್ಟಿಕೊಂಡರು, ಇನ್ನೊಂದು ಜೇಬು ನೋಡಿದರು. ಮುಖ ಸಣ್ಣದಾಯಿತು.

"ಚಾವಿ ಅಫಜಲಪುರದಾಗ ಉಳದದ," ಎಂದರು.

ನಿಜವೇ ಹೇಳುತ್ತಿದ್ದರು. ಆ ಗಡಿಬಿಡಿಯಲ್ಲಿ ಯಾರಿಗೆ ಚಾವಿಯ ನೆನಪು. ತರುಣನೊಬ್ಬ ಮುಂದೆ ಬಂದು, "ಹಾರಿ ಅದ ಕಾರಿನಾಗ. ಒಂದ ಏಟಿಗಿ ಒಡೀತದ," ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಒಡೆದುಬಿಡಲಿ ಎಂದು ನನಗೂ ಅನ್ನಿಸಿತು.

ಅಕ್ಕ ಹಿಂದೆ ಹೆಂಗಸರ ನಡುವೆ ನಿಂತಿದ್ದಳು. "ಒಡೀಬ್ಯಾಡ್ರಿ," ಎಂದಳು. "ಅದು ಸರ ಅವರ ಕೀಲಿ. ಅವರ ಕೈಲೇ ತಗೀಲಿ. ಇವತ್ತ ಇಲ್ಲೇ ಮಾಡೂಣು."

ಸಭಾಪಾಲಕರು ಆಗಲಿ ಎಂದು ತಲೆಯಾಡಿಸಿದರು. ಪೆಟ್ಟಿಗೆಯನ್ನು ಅಂಗಳದಲ್ಲಿ ಇಳಿಸಿದರು. ಬಾಗಿಲು ಮುಚ್ಚಿದ್ದಂತೆಯೇ ಆರಾಧನೆ ನಡೆಯಿತು. ಎಡಗಡೆ ಬಲಗಡೆ ಎಂಬ ಗುಂಪು ಯಾರೂ ಮಾಡಿಕೊಳ್ಳಲಿಲ್ಲ. ಜಾಗ ಇದ್ದಲ್ಲಿ ನಿಂತರು. ಹಿರೋಳ್ಳಿಯ ರೈತರು ಚಪ್ಪಲಿ ಬಿಟ್ಟು ಗೋಡೆಯ ಪಕ್ಕ ನಿಂತಿದ್ದರು. ಹಾಡು ಒಂದೇ ಇತ್ತು. ಶುರುವಿನಲ್ಲಿ ಯಾರಿಗೂ ದನಿ ಬರಲಿಲ್ಲ. ಎರಡನೆಯ ಚರಣಕ್ಕೆ ಬಂತು.

ಮಣ್ಣು ಹಾಕುವಾಗ ಸರ ಕುಣಿಯ ದಂಡೆಯಲ್ಲಿ ಎಡವಿದರು. ಕಾಂಟ್ರಾಕ್ಟರ್ ಹಿಂದಿನಿಂದ ತೋಳು ಹಿಡಿದುಕೊಂಡರು. ಸರ ತಿರುಗಿ ಆ ಮಣ್ಣಿನ ಅಂಗಿಯನ್ನು ನೋಡಿದರು.

"ನೀವೂ ತೋಡಿದ್ರೇನು?" ಎಂದು ಕೇಳಿದರು.

"ನಾ ತಡಾ ಮಾಡಿ ಬಂದೆ ಸರ," ಎಂದರು ಕಾಂಟ್ರಾಕ್ಟರ್.

ಅವರು ಹಿಡಿದಿದ್ದ ತೋಳನ್ನು ಸರ ಬಿಡಿಸಿಕೊಳ್ಳಲಿಲ್ಲ.

ಮುಂದಿನ ಭಾನುವಾರದ ಹೊತ್ತಿಗೆ ಸರ ಅಫಜಲಪುರಕ್ಕೆ ಹೋಗಿ ಬಂದಿದ್ದರು. ನಾವು ಹೋದಾಗ ಅವರು ಆಗಲೇ ಮೆಟ್ಟಿಲ ಮೇಲೆ ನಿಂತಿದ್ದರು. ಚಾವಿಯನ್ನು ಅಕ್ಕನ ಕಡೆ ಚಾಚಿ, "ನೀ ತಗಿ ತಂಗಿ," ಅಂದರು. ಅಕ್ಕ ಕೈ ಹಿಂದೆ ಮಾಡಿಕೊಂಡು, "ನೀವ ತಗೀರಿ ಸರ," ಅಂದಳು. ಅವರು ತೆಗೆದರು. ಅಷ್ಟು ದಿನ ಮುಚ್ಚಿದ್ದ ಬಾಗಿಲು, ಒಳಗೆ ಬಾವಲಿಯ ವಾಸನೆ, ಬೆಂಚಿನ ಮೇಲೆಲ್ಲ ಧೂಳು. ಆ ದಿನ ಬೋಧನೆ ನಡೆಯಲಿಲ್ಲ. ಎಲ್ಲರೂ ಸೇರಿ ಗುಡಿಸಿ, ತೊಳೆದು, ಒಂದು ಪ್ರಾರ್ಥನೆ ಮಾಡಿ ಮನೆಗೆ ಹೋದೆವು.

ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ಆ ಜಗಳದಲ್ಲಿ ನೊಂದು ಬೇರೆ ಸಭೆಗೆ ಹೋದ ಒಂದು ಮನೆಯವರು ಮರಳಿ ಬರಲೇ ಇಲ್ಲ. ಕಟ್ಟಡದ ಮಾತು ಮತ್ತೂ ಒಂದು ವರ್ಷ ಎಳೆಯಿತು. ಕೊನೆಗೆ ಹಳೆಯ ಕಲ್ಲಿನ ಗೋಡೆ ಹಾಗೇ ಉಳಿಸಿ, ಮುಂದಕ್ಕೆ ಬೆಳೆಸುವುದೆಂದು ಆಯಿತು. ಅದರಲ್ಲೂ ಕೂಗಾಟ ಇತ್ತು, ಆದರೆ ಕೂಗಾಡಿದವರು ಒಂದೇ ಕೋಣೆಯಲ್ಲಿ ಕುಳಿತು ಕೂಗಾಡಿದರು. ಕಮಿಟಿಗೆ ಹೊಸದಾಗಿ ಚುನಾವಣೆ ಆದಾಗ, ಅಕ್ಕನನ್ನೇ ಕಾರ್ಯದರ್ಶಿ ಮಾಡಬೇಕೆಂದು ಕಾಂಟ್ರಾಕ್ಟರ್ ಎದ್ದು ಹೇಳಿದರು. ಸರ ಹೌದೆಂದರು. ಅಕ್ಕ ಎದ್ದು, "ನನಗ ಗಿರಣಿ ಕೆಲಸ ಅದ್ರಿ. ಓದು ಬರಿ ಬಂದವರು ಮಾಡ್ಲಿ," ಎಂದು ಕುಳಿತುಬಿಟ್ಟಳು. ಆದರೂ ಯಾವುದಾದರೂ ಮಾತು ತೀರ್ಮಾನಕ್ಕೆ ಬಾರದಿದ್ದರೆ ಕಾರ್ಯದರ್ಶಿಯಾದವರು ಗಿರಣಿಯ ಬಾಗಿಲಲ್ಲಿ ಬಂದು ನಿಲ್ಲುವುದನ್ನು ನಾನೇ ಕಂಡಿದ್ದೇನೆ. ಅಕ್ಕ ಅವರಿಗೆ ಏನೂ ಹೇಳುವುದಿಲ್ಲ. ಅವರು ತಾವೇ ಮಾತಾಡಿ, ತಾವೇ ಒಂದು ದಾರಿ ಕಂಡುಕೊಂಡು ಹೋಗುತ್ತಾರೆ.

ರಜೆ ಮುಗಿಸಿ ಕೊಳಕೂರಿಗೆ ಮರಳಿದಾಗ ನನ್ನ ಶಾಲೆಯಲ್ಲಿ ಒಂದು ಹಳೆಯ ತೊಡಕು ಕಾಯುತ್ತಿತ್ತು. ಮಧ್ಯಾಹ್ನದ ಬಿಸಿಯೂಟಕ್ಕೆ ಕೆಲವು ಮಕ್ಕಳು ಬೇರೆ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದರು. ಮನೆಯವರು ಹೇಳಿಕೊಟ್ಟದ್ದು. ಒಂದೇ ಸಾಲಿನಲ್ಲಿ ಕೂಡಿಸಬೇಕೆಂದು ಶಿಕ್ಷಕರಿಗೆ ನಾನು ಬರೆದು ಕೊಟ್ಟಿದ್ದೆ, ಅವರು ಸಹಿಯನ್ನೂ ಮಾಡಿದ್ದರು. ಸಾಲು ಮಾತ್ರ ಎರಡೇ ಇದ್ದವು. ಈ ಸಲ ನಾನು ತಾಟು ಹಿಡಿದುಕೊಂಡು ಹೋಗಿ ಎರಡು ಸಾಲುಗಳ ನಡುವಿನ ಖಾಲಿ ಜಾಗದಲ್ಲಿ ನೆಲದ ಮೇಲೆ ಕುಳಿತು ಊಟ ಮಾಡಿದೆ. ಮರುದಿನವೂ ಹಾಗೇ ಮಾಡಿದೆ. ಮೊದಲು ಇಬ್ಬರು ಹೆಣ್ಣುಮಕ್ಕಳು ನನ್ನ ಪಕ್ಕ ಸರಿದರು. ಶಿಕ್ಷಕಿಯೊಬ್ಬರು ತಾಟು ತಂದರು. ದೀಪಾವಳಿಯ ಹೊತ್ತಿಗೆ ಅದು ಸಾಲು ಹೋಗಿ ಒಂದು ವಕ್ರವಾದ ಸುತ್ತು ಆಗಿತ್ತು. ಒಬ್ಬ ಶಿಕ್ಷಕರು ಇವತ್ತಿಗೂ ಕುರ್ಚಿಯ ಮೇಲೆಯೇ ಊಟ ಮಾಡುತ್ತಾರೆ. ನಾನು ಅವರಿಗೆ ಏನೂ ಬರೆದು ಕೊಟ್ಟಿಲ್ಲ.

ಆ ವರ್ಷ ಕ್ರಿಸ್‌ಮಸ್ ಹಬ್ಬಕ್ಕೆ ಆಳಂದಕ್ಕೆ ಹೋದಾಗ ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ನಾವಿಬ್ಬರೂ ಅಂಗಳದಲ್ಲಿ ಎಳೆಬಿಸಿಲಿಗೆ ಕುಳಿತು ಅವರೆ ಬಿಡಿಸುತ್ತಿದ್ದೆವು. ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ.

"ಅಕ್ಕ, ನೀ ತೋಡಾಕ ಹೋದ್ರ ಅವರೆಲ್ಲಾ ಬರ್ತಾರಂತ ನಿನಗ ಗೊತ್ತಿತ್ತೇನು?"

"ಇಲ್ಲ ಬೇ. ನಾ ಯಾರಿಗೂ ಕರೀಲಾಕ ಹೋಗಿದ್ದಿಲ್ಲ."

"ಮತ್ತ?"

"ಕುಣಿ ಆಗಬೇಕಾಗಿತ್ತು," ಎಂದಳು. ಕೈಯಲ್ಲಿದ್ದ ಕಾಯಿ ಸುಲಿದು ಕಾಳು ಹಾಕಿದಳು. ಆಮೇಲೆ ನಾನು ಕೇಳದಿದ್ದರೂ ಮುಂದುವರಿಸಿದಳು. "ಖರೆ ಹೇಳ್ಲಿ? ನನಗ ಅವತ್ತ ಭಾಳ ಸಿಟ್ಟ ಬಂದಿತ್ತು. ಅಯ್ಯಾರು ಬಂದು ಹೇಳಿದಾಗ ಕಾಂಟ್ರಾಕ್ಟರ್ ಮನಿಗಿ ಹೋಗಿ ಬಾಗಲದಾಗ ನಿಂತು ಬೈಬೇಕಂತ ಬಾಯಿತನಕ ಬಂದಿತ್ತು. ಬೈದಿದ್ರ ಊರೆಲ್ಲಾ ಕೇಳ್ತಿತ್ತು, ನನ್ನ ದನಿ ನಿನಗ ಗೊತ್ತದಲ್ಲ. ಕುಣಿ ಮುಂದ ನಿಂತು ಅದನ್ನ ಪ್ರಾರ್ಥನಾ ಮಾಡಿದ್ನಿ. ತಂದೀ, ಈ ಸಿಟ್ಟು ನಾ ಯಾರ ಮ್ಯಾಲೂ ಹಾಕಬಾರದು, ಈ ಮಣ್ಣಿಗಿ ಹಾಕ್ತೇನಿ ಅಂತ. ಗುದ್ದಲಿ ಏಟ ಒಂದೊಂದೂ ಅವನ ಮ್ಯಾಲಿನ ಸಿಟ್ಟ ಇತ್ತು."

ನಾನು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ ಅವಳನ್ನೇ ನೋಡಿದೆ. ಅವತ್ತು ಅವಳ ಮುಖದಲ್ಲಿ ನಾನು ಕಂಡಿದ್ದ ಶಾಂತಿ ಹುಟ್ಟಿನಿಂದ ಬಂದದ್ದು ಎಂದುಕೊಂಡಿದ್ದೆ. ಅದನ್ನು ಅವಳು ಆ ಗರಸಿನೊಳಗಿಂದ ಒಂದೊಂದೇ ಏಟಿಗೆ ಬಗೆದು ತೆಗೆದಿದ್ದಳು. ಯಾರಿಗೂ ಕಾಣದ ಹಾಗೆ.

"ಅವ ಬಂದು ನಿಂತಾಗ?" ಎಂದೆ.

"ಅಷ್ಟೊತ್ತಿಗಿ ಸಿಟ್ಟ ತೀರಿತ್ತು," ಎಂದಳು ಅಕ್ಕ. "ಮೈಯಾಗ ಶಕ್ತೀನೂ ತೀರಿತ್ತು. ಬುಟ್ಟಿ ಭಾರ ಆಗಿತ್ತು ಬೇ. ಅವ ಎದುರಿಗಿ ಇದ್ದ. ಹಿಡಿ ಅಂದ್ನಿ."

ಸಿಪ್ಪೆಗಳನ್ನೆಲ್ಲ ಮೊರಕ್ಕೆ ಬಳಿದುಕೊಂಡು, ಪಕ್ಕದ ಮನೆಯ ಮೇಕೆಗೆ ಹಾಕಲು ಎದ್ದು ಹೋದಳು.